ಹತ್ತುವವರನ್ನು ನೋಡಿ ಹರಿಗೋಲು

ನನ್ನ ಅಕ್ಕನಿಗೆ ಒಂದು ಆಡು ಕಾಣುವುದಿಲ್ಲ. ಕಣ್ಣಿನಲ್ಲಿ ದೋಷವೇನೂ ಇಲ್ಲ, ಸೂಜಿಗೆ ದಾರ ಈಗಲೂ ಒಂದೇ ಸಲಕ್ಕೆ ಪೋಣಿಸುತ್ತಾಳೆ. ಆದರೆ ಒಂಟಿ ಆಡು ಎದುರಿಗೆ ಬಂದರೆ ಅದು ಬಂದೇ ಇಲ್ಲವೆಂಬಂತೆ ದಾಟಿ ಹೋಗುತ್ತಾಳೆ. ಎರಡು ಬರಲಿ, ನಿಂತುಬಿಡುತ್ತಾಳೆ. "ಗೋಟ್ಸ್ ಆರ್ ಅನಿಮಲ್ಸ್" ಎಂದು ಆ ಆಡುಗಳಿಗೇ ಹೇಳಿ, ಅವು ಒಪ್ಪಿಕೊಂಡಂತೆ ಕಂಡ ಮೇಲೆಯೇ ಮುಂದಿನ ಹೆಜ್ಜೆ!

ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ಆದ್ದರಿಂದ ಇಲ್ಲಿ ಬರುವ ಇಂಗ್ಲಿಷಿನಲ್ಲಿ ತಪ್ಪಿದ್ದರೆ ನನ್ನದು, ಸರಿ ಇದ್ದರೆ ಅಕ್ಕನದು. ಆಕೆ ನಮ್ಮೂರ ಅಂಗನವಾಡಿಯಲ್ಲಿ ಸಹಾಯಕಿ. ನಮ್ಮೂರು ಸುರಪುರ ಸೀಮೆಯಲ್ಲಿ, ಕೃಷ್ಣಾ ಹೊಳೆಯ ದಂಡೆಗೆ ಇದೆ. ನಲವತ್ತು ದಾಟಿದ ಮೇಲೆ ಆಕೆಗೆ ಹತ್ತನೆಯ ಇಯತ್ತೆ ಪಾಸಾಗುವ ಹುಚ್ಚು ಹಿಡಿಯಿತು. ಕನ್ನಡ, ಗಣಿತ, ವಿಜ್ಞಾನ ಎಲ್ಲ ಒಂದೇ ಉಸಿರಿಗೆ ಪಾಸು. ಉಳಿದದ್ದು ಇಂಗ್ಲಿಷ್ ಒಂದೇ. ಅದನ್ನು ಆಕೆ ಶತ್ರುವಿನಂತೆ ನೋಡಲಿಲ್ಲ, ಹೊಳೆಯಂತೆ ನೋಡಿದಳು.

ನಮ್ಮಪ್ಪ ಹರಿಗೋಲು ಹಾಕುತ್ತಿದ್ದವನು. ಆಕೆಯ ವ್ಯಾಕರಣವೆಲ್ಲ ಅಲ್ಲಿಂದಲೇ ಬಂದದ್ದು. ಮನೆಯ ಪರ್ಸಿಗಲ್ಲಿನ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಎರಡು ಗೆರೆ ಎಳೆದು ನನ್ನನ್ನು ಕೂರಿಸುತ್ತಿದ್ದಳು.

"ನೋಡು ತಮ್ಮಾ. ಇದು ಈ ದಂಡಿ, ಅದು ಆ ದಂಡಿ. ಈ ದಂಡ್ಯಾಗ ಎತ್ತುಗಳು ನಿಂತಾವ. ಆ ದಂಡ್ಯಾಗ ಪ್ರಾಣಿಗಳು ಅನ್ನೋ ಮಾತ ಕುಂತದ. ಇವನ್ನ ಅಲ್ಲಿಗೆ ಮುಟ್ಟಸಾಕ ಏನ ಬೇಕು?"

"ಹೊಡಿಯಾಕ ಬಾರಕೋಲು."

"ಹರಗೋಲೋ, ಹರಗೋಲು. ಒಬ್ಬನ ಇದ್ರ ಸಣ್ಣ ಹರಗೋಲು, ಈಸ್. ಭಾಳ ಮಂದಿ ಇದ್ರ ದೊಡ್ಡದು, ಆರ್."

"ಕನ್ನಡದಾಗ ಎತ್ತುಗಳು ಪ್ರಾಣಿಗಳು ಅಂದ್ರ ಮುಗೀತಲ್ಲ ಯಕ್ಕಾ. ಹರಗೋಲು ಯಾಕ?"

"ನಮ್ಮದರಾಗ ನಡುವ ಹೊಳಿ ಇಲ್ಲ. ನಡಕೊಂತ ಹೋಗಬಹುದು. ಅವ್ರದರಾಗ ನೀರು ಅದ."

ಇಷ್ಟು ಚಂದ ಹೇಳಿಕೊಟ್ಟ ಮಾಸ್ತರರು ನನಗೆ ಶಾಲೆಯಲ್ಲಿ ಸಿಕ್ಕಿದ್ದರೆ? ಆಗಲೂ ನಾನು ಓಡಿಹೋಗುತ್ತಿದ್ದೆ. ಆ ಮಾತು ಮುಂದೆ ಬರುತ್ತದೆ.

ಸಣ್ಣ ಹರಿಗೋಲು ಆಕೆಗೆ ಬೇಗ ಒಲಿಯಿತು; ಹಗಲೆಲ್ಲ ರೂಢಿ ಮಾಡುತ್ತಿದ್ದದ್ದು ದೊಡ್ಡದನ್ನೇ. ಊರಿನವರು ಆಕೆಗೆ ಹರಗೋಲಕ್ಕ ಎಂದೇ ಹೆಸರಿಟ್ಟರು. ಹತ್ತಿ ಬಿಡಿಸುವ ಹೆಂಗಸರು ಸಾಲಾಗಿ ಹೊರಟರೆ ಬಾಗಿಲಲ್ಲಿ ನಿಂತು "ದೀಸ್ ವಿಮೆನ್ ಆರ್ ಮೈ ಫ್ರೆಂಡ್ಸ್" ಎನ್ನುತ್ತಿದ್ದಳು. ಅವರಲ್ಲೊಬ್ಬ ಮುದುಕಿ ಒಂದು ದಿನ ತಿರುಗಿ ನಿಂತಳು.

"ಏನ ಅಂದಿ? ಬೈದೇನು?"

"ನೀವೆಲ್ಲಾ ನನ್ನ ಗೆಳತ್ಯಾರು ಅಂದೆ ಯವ್ವಾ."

"ಅಷ್ಟಕ್ಕ ಇಂಗ್ಲಿಷ್ ಯಾಕ? ಗೆಳತಿ ಇದ್ರ ಬಾ, ನಾಕು ಸಾಲು ಬಿಡಸು."

ಅಕ್ಕ ಹೋದಳು. ಬಿಡಿಸಿದಳು. ಸಂಜೆ ಬಂದು, "ಅಷ್ಟೂ ಗೆಳತ್ಯಾರನ್ನ ದೊಡ್ಡ ಹರಗೋಲದಾಗ ಹಾಕಿದೆ, ಎಲ್ಲಾರೂ ದಾಟಿದ್ರು" ಎಂದಳು.

ಒಮ್ಮೆ ಅಂಗನವಾಡಿಗೆ ಮೇಲ್ವಿಚಾರಕಿ ಬಂದರು. ಇಪ್ಪತ್ತೆರಡು ಮಕ್ಕಳು ಏಕಕಾಲಕ್ಕೆ ಅಳುತ್ತಿದ್ದವು. ಹೇಗಿದ್ದಾವೆ ಮಕ್ಕಳು ಎಂದು ಅವರು ಕೇಳಿದ್ದಕ್ಕೆ ಅಕ್ಕ ಕೈಕಟ್ಟಿ ನಿಂತು, "ದೀಸ್ ಚಿಲ್ಡ್ರನ್ ಆರ್ ಮೈ ಹೆಡೇಕ್" ಎಂದಳು. ಮೇಲ್ವಿಚಾರಕಿಗೆ ಇಂಗ್ಲಿಷ್ ಎಷ್ಟು ಬರುತ್ತಿತ್ತೋ ದೇವರೇ ಬಲ್ಲ, ಸಂತೋಷದಿಂದ ತಲೆಯಾಡಿಸಿ ಪುಸ್ತಕದಲ್ಲಿ 'ಉತ್ತಮ' ಎಂದು ಬರೆದು ಹೋದರು.

ಆ ಸಂಜೆ ನಾನು ಆಕೆಯನ್ನು ಕೆಣಕಿದೆ. "ಇಪ್ಪತ್ತೆರಡು ಹುಡುಗೂರು ಈ ದಂಡ್ಯಾಗ, ತಲಿನೋವು ಒಂದs ಆ ದಂಡ್ಯಾಗ. ಹರಗೋಲು ಸಣ್ಣದಾಗಬೇಕಲ್ಲ?"

"ಹತ್ತೋರನ್ನ ನೋಡಿ ಹರಗೋಲು ತಮ್ಮಾ. ಆ ದಂಡ್ಯಾಗ ಯಾರು ಕಾಯಾಕತ್ತಾರ ಅನ್ನೋದು ಅಂಬಿಗಗ ಯಾಕ ಬೇಕು? ಇಪ್ಪತ್ತೆರಡು ಮಂದಿ ಹತ್ತಿ, ಇಳದು, ಒಂದs ತಲಿನೋವು ಆಗಬಹುದು."

"ಹಂಗಾದ್ರ ಒಬ್ಬ ಹತ್ತಿ, ಆ ಕಡಿ ಇಳದು ಹತ್ತು ಮಂದಿ ಆಗಬಹುದೇನು?"

ಆಕೆ ಪರೀಕ್ಷೆಯ ಗೈಡು ತೆಗೆದು ಕೂತಳು. ಎರಡು ದಿನ ಸಾರಿಗೆ ಉಪ್ಪು ಬೀಳಲಿಲ್ಲ. ಮೂರನೆಯ ದಿನ ಗೈಡು ಹಿಡಿದುಕೊಂಡೇ ಬಂದಳು. "ಆಗಬಹುದು. ಮೈ ವರಿ ಈಸ್ ಮೈ ಬ್ರದರ್ಸ್. ನನ್ನ ಚಿಂತಿ, ಫಿಕರ್, ಒಂದು; ಅದು ಸಣ್ಣ ಹರಗೋಲದಾಗ ಹತ್ತಿ ಹೋಗಿ, ತಮ್ಮಂದಿರು ಆತು."

"ನಾನೊಬ್ಬನ ತಮ್ಮ ಅಲ್ಲೇನು?"

"ಒಬ್ಬನ. ಆದ್ರ ಫಿಕರ್ ಹತ್ತು ಮಂದೀದು ಕೊಡ್ತಿ."

ಆಕೆ ನಗುತ್ತ ಹೇಳಿದ ಮಾತು. ಅದು ಎಷ್ಟು ನಿಜವೆಂದು ಆಕೆಗೆ ಆಗ ಗೊತ್ತಿರಲಿಲ್ಲ. ಈಗ ನನ್ನ ತಪ್ಪಿಗೆ ಬರುತ್ತೇನೆ.

ಏಳನೆಯ ಇಯತ್ತೆಯಲ್ಲಿ ನಾನು ಶಾಲೆ ಬಿಟ್ಟದ್ದು ಇಂಗ್ಲಿಷಿಗೆ ಹೆದರಿ. ಯಾರು ಕೇಳಿದರೂ ಒಂದೇ ಉತ್ತರ ಕೊಟ್ಟುಕೊಂಡು ಬಂದೆ: "ಇಂಗ್ಲಿಷ್ ನಮ್ಮ ಮನಿತನಕ್ಕ ಹತ್ತಂಗಿಲ್ರಿ." ಮನೆತನದ ಮೇಲೆ ಹಾಕಿದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಇಪ್ಪತ್ತು ವರ್ಷ ಆ ಮಾತಿನ ನೆರಳಲ್ಲಿ ಆರಾಮವಾಗಿದ್ದೆ. ಅಕ್ಕ ಪಾಸಾದರೆ ಆ ನೆರಳು ಹೋಗುತ್ತಿತ್ತು. ಚಹಾದ ಹೋಟೆಲಿನಲ್ಲಿ ಮಂದಿ ಆಗಲೇ ಶುರು ಮಾಡಿದ್ದರು: "ನಿಮ್ಮಕ್ಕ ದಾಟತಾಳಪಾ. ಮತ್ತ ನೀ ಯಾಕ ಈ ದಂಡ್ಯಾಗ ಕುಂತಿ?"

ಪರೀಕ್ಷೆ ಶಹಾಪುರದಲ್ಲಿ. ನನ್ನ ಬೈಕಿನ ಮೇಲೆ ಕರೆದೊಯ್ಯುವೆನೆಂದು ನಾನೇ ಹೇಳಿದ್ದೆ. ಆ ದಿನ ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋದಾಗ ಹಿತ್ತಲಿಗೆ ಹೋಗಿ ಹಿಂದಿನ ಗಾಲಿಯ ಗಾಳಿ ಬಿಟ್ಟೆ. ಅದು 'ಸ್ಸ್' ಎಂದದ್ದು ಊರಿಗೆಲ್ಲ ಕೇಳಿಸಿತೆಂದೇ ಅನಿಸಿತು. ಯಾರಿಗೂ ಕೇಳಿಸಿರಲಿಲ್ಲ.

ಅಕ್ಕ ಹೊಸ ಸೀರೆ ಉಟ್ಟು, ಹಾಲ್ ಟಿಕೆಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎರಡು ಪೆನ್ನು ಹಿಡಿದು ಬಂದಳು. ಗಾಲಿ ನೋಡಿದಳು.

"ಪಂಚರ್ ಆಗ್ಯಾದ ಯಕ್ಕಾ."

"ಇರಲಿ ಬಿಡು. ಗಾಡೀದೇನ ತಪ್ಪು."

ಹಾಗೆಂದು ರಸ್ತೆಯ ಕಡೆ ಓಡಿದಳು. ಟಂಟಂ ಆಟೋದಲ್ಲಿ ಮಂದಿ ತುಂಬುವವರೆಗೆ ಕಾದು ಶಹಾಪುರ ಮುಟ್ಟುವಷ್ಟರಲ್ಲಿ ಗೇಟು ಹಾಕಿದ್ದರಂತೆ. ಮಧ್ಯಾಹ್ನ ತಿರುಗಿ ಬಂದವಳು ಸೀರೆ ಬದಲಿಸಿ, ನನಗೆ ಊಟಕ್ಕೆ ಬಡಿಸಿ ಕೇಳಿದ್ದು ಒಂದೇ: "ಗಾಡಿ ರಿಪೇರಿ ಆತೇನು?"

ಬೈದಿದ್ದರೆ ನಾನು ಬದುಕುತ್ತಿದ್ದೆ. ಆಕೆ ಬೈಯಲಿಲ್ಲ. ಎಂಟು ದಿನ ಆಡುಗಳು ಹಿಂಡುಹಿಂಡಾಗಿ ಬಾಗಿಲ ಮುಂದೆ ಹಾದುಹೋದವು, ಒಂದನ್ನೂ ದಾಟಿಸಲಿಲ್ಲ. ಒಂಬತ್ತನೆಯ ದಿನ ಪರ್ಸಿಯ ಮೇಲೆ ಮತ್ತೆ ಎರಡು ಗೆರೆ ಬಿದ್ದವು.

ವರ್ಷ ಕಳೆಯಿತು. ಪರೀಕ್ಷೆಯ ಹಿಂದಿನ ದಿನ ನಾನು ಹೊಲದಿಂದ ಬಂದರೆ ಅಂಗಳದಲ್ಲಿ ಏನು ನೋಡಬೇಕು? ನನ್ನ ಬೈಕಿಗೆ ಕುಂಕುಮ. ಹ್ಯಾಂಡಲಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ. ಅಕ್ಕ ಮುಷ್ಟಿಯಲ್ಲಿ ಉಪ್ಪು ಹಿಡಿದು ಬೈಕಿಗೆ ಮೂರು ಸುತ್ತು ದೃಷ್ಟಿ ಇಳಿತೆಗೆಯುತ್ತಿದ್ದಾಳೆ. ಕೂಸಿಗೆ ತೆಗೆದಂತೆ ಹಿಂದಿನ ಗಾಲಿಗೆ ಬೇರೆಯಾಗಿ ತೆಗೆದಳು.

"ಹ್ವಾದ ವರ್ಷ ಯಾರದೋ ಕೆಟ್ಟ ಕಣ್ಣ ಬಿದ್ದಿತ್ತು ತಮ್ಮಾ. ಪಾಪ, ಸರಿಯಾಗಿದ್ದ ಗಾಡಿ."

ಆ ಕೆಟ್ಟ ಕಣ್ಣುಗಳೆರಡೂ ಆಕೆಯ ಎದುರಿಗೇ ನಿಂತಿದ್ದವು. ಉಪ್ಪನ್ನು ಒಲೆಗೆ ಹಾಕಿದಳು. ಚಟಚಟ ಸಿಡಿದಾಗಲೆಲ್ಲ ನಾನು ಬೆಚ್ಚಿಬಿದ್ದೆ.

ಮರುದಿನ ಬೇಗನೆ ಹೊರಟೆವು. ಅರ್ಧ ದಾರಿಯಲ್ಲಿ ಬೈಕು ನಿಲ್ಲಿಸಿದೆ. ಹಿಂದಕ್ಕೆ ತಿರುಗದೆ, ನಿಂಬೆಹಣ್ಣು ನೋಡುತ್ತ ಹೇಳಿಬಿಟ್ಟೆ. "ಯಕ್ಕಾ, ಪಂಚರ್ ಆಗಿದ್ದಿಲ್ಲ. ಗಾಳಿ ನಾನs ಬಿಟ್ಟಿದ್ದೆ."

ಬೈಕು ಹಗುರಾಯಿತು. ಆಕೆ ಇಳಿದು, ನನ್ನನ್ನು ದಾಟಿ, ಶಹಾಪುರದ ಕಡೆ ನಡೆಯತೊಡಗಿದಳು. ನಾನು ಎಂಜಿನ್ ಆರಿಸಿ ಬೈಕು ತಳ್ಳುತ್ತ ಹಿಂದೆ ಹೋದೆ. ಎಷ್ಟೋ ದೂರ ಹಾಗೆಯೇ. ಎದುರಿಗೆ ಬಂದ ಸೈಕಲ್ಲಿನವನು ನಿಂತು ಕೇಳಿದ: "ಪಂಚರ್ ಆಗ್ಯಾದೇನ್ರಿ?"

"ಇಲ್ಲ" ಎಂದಳು ಅಕ್ಕ. "ಗಾಡಿ ಬರೋಬ್ಬರಿ ಅದ. ಹುಡುಗಗ ಗಾಳಿ ಹೋಗ್ಯಾದ."

ಮತ್ತೆ ನಾಲ್ಕು ಹೆಜ್ಜೆ ನಡೆದು ನಿಂತಳು. ಗಡಿಯಾರ ನೋಡಿಕೊಂಡಳು. "ಯಾಕ ಬಿಟ್ಟಿ?"

"ನೀ ಪಾಸಾದ್ರ ನಾ ಒಬ್ಬನ ದಡ್ಡ ಆಗತೀನಿ ಅಂತ."

ಆಕೆ ಹಾಲ್ ಟಿಕೆಟಿನ ಚೀಲವನ್ನು ಬಗಲಿಗೆ ಸಿಕ್ಕಿಸಿಕೊಂಡಳು. "ಜಲ್ದಿ ಚಾಲು ಮಾಡು" ಎಂದು ಹತ್ತಿ ಕೂತಳು. ಹಿಂದೆಲ್ಲ ಹೆಗಲ ಮೇಲೆ ಕೈ ಇಡುತ್ತಿದ್ದವಳು ಈಗ ಸೀಟಿನ ಕಂಬಿ ಹಿಡಿದಳು.

ಗೇಟಿನ ಮುಂದೆ ಇಳಿದು ಕೈ ಚಾಚಿದಳು. "ಚಾವಿ ಕೊಡು."

"ಯಾಕ?"

"ನಾ ಹೊರಗ ಬರೋತನ ನೀ ಇಲ್ಲೇ ಇರಬೇಕು. ಬೈಯೋದು ಭಾಳ ಅದ. ಈಗ ಬೈದ್ರ ತಲ್ಯಾಗಿನ ಇಂಗ್ಲಿಷ್ ಉದರ್ತದ."

ಚಾವಿಯನ್ನು ಮುಷ್ಟಿಯಲ್ಲಿ ಹಿಡಿದು, ತನಗೆ ಮಕ್ಕಳಾಗಬಹುದಾದ ವಯಸ್ಸಿನ ಹುಡುಗಿಯರ ಸಾಲಿನಲ್ಲಿ ನಿಂತು ಒಳಗೆ ಹೋದಳು. ನಾನು ಬೇವಿನ ಮರದ ಕೆಳಗೆ ಮೂರು ತಾಸು ಕೂತೆ. ಎದ್ದು ಒಂದು ಚಹಾ ಕೂಡ ಕುಡಿಯಲಿಲ್ಲ. ಬೈಸಿಕೊಳ್ಳಲು ಇಷ್ಟು ಶ್ರದ್ಧೆಯಿಂದ ಯಾರಾದರೂ ಕಾದದ್ದುಂಟೆ?

ಗಂಟೆ ಹೊಡೆಯಿತು. ಅಕ್ಕ ಹೊರಬಂದಳು, ಹೆಬ್ಬೆರಳಿಗೆ ಮಸಿ. ನಾನು ಎದ್ದು ತಲೆ ತಗ್ಗಿಸಿ ನಿಂತೆ.

"ಬರದ್ಯಾ?" ಎಂದೆ.

"ಬರದೆ. ನೀ ಏನರ ತಿಂದ್ಯಾ?"

"ಇಲ್ಲ."

ಆಕೆ ಮರದ ಕೆಳಗೇ ಕೂತು ಚೀಲ ಬಿಚ್ಚಿದಳು. ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ. ಬೆಳಿಗ್ಗೆ ಇಬ್ಬರಿಗೂ ಕಟ್ಟಿಕೊಂಡು ಬಂದದ್ದು. ಒಂದು ರೊಟ್ಟಿ ನನ್ನ ಕೈಗಿಟ್ಟು, "ತಿನ್ನು. ಹಸದವರನ್ನ ನಾ ಬೈಯಂಗಿಲ್ಲ" ಎಂದಳು.

ಅಕ್ಕ ನೀರಿನ ಬಾಟ್ಲಿ ಸರಿಸಿದಳು. ನಾನು ಆ ರೊಟ್ಟಿ ಮುಗಿಸಿದೆ. ಇನ್ನು ಶುರುವಾಗುತ್ತದೆ ಎಂದುಕೊಂಡು ಕಣ್ಣು ಮುಚ್ಚಿದೆ. ಕೈಯಲ್ಲಿ ಇನ್ನೊಂದು ರೊಟ್ಟಿ ಬಿತ್ತು.