ಪ್ಲಾಟಿಪಸ್ ಮೊಟ್ಟೆ ಇಟ್ಟ ತಪ್ಪಿಗೆ

ಕಳೆದ ಡಿಸೆಂಬರಿನಲ್ಲಿ ನಡೆದದ್ದು. ವಿಜ್ಞಾನ ಪ್ರದರ್ಶನ ಇದ್ದಲ್ಲೆಲ್ಲ ಇಂಥವು ನಡೆಯುತ್ತಲೇ ಇರುತ್ತವೆ. ಕೇಳಿದವರು ನಗುತ್ತಾರೆ. ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

೧. ರಾಣೆಬೆನ್ನೂರು

ಬಿ.ಎಸ್ಸಿ. ಮುಗಿಸಿ ಇಲ್ಲಿನ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಮೇಡ್ಲೇರಿಯಿಂದ ಬರುವ ಒಂಬತ್ತನೆಯ ತರಗತಿಯ ಹುಡುಗಿ ಆಸ್ಟ್ರೇಲಿಯಾದ ಪ್ರಾಣಿ ಪ್ಲಾಟಿಪಸ್ಸಿನ ಮಣ್ಣಿನ ಮಾದರಿ ಮಾಡಿ, ಹಳೇ ಕಂಬಳಿಯ ಕೂದಲು ಅಂಟಿಸಿದ್ದಳು. ಪಕ್ಕದಲ್ಲಿ ಎರಡು ಮೊಟ್ಟೆ. ಗೆದ್ದರೆ ರಾಜ್ಯಮಟ್ಟಕ್ಕೆ ಹೋಗಬಹುದೆಂದು ಅವಳ ಆಸೆ.

ಹೆಡ್‌ಮಾಸ್ಟರು ನೋಡಿದರು. "ಕೊಕ್ಕ ಐತಿ, ಮೊಟ್ಟಿ ಇಡತೈತಿ. ಹಕ್ಕಿ ಅಂತ ಬರೀರಿ."

"ಮರಿಗೆ ಹಾಲು ಕುಡಸತೈತ್ರಿ ಸರ್. ಮೈತುಂಬ ಕೂದಲ ಐತಿ. ಸಸ್ತನಿ" ಅಂದೆ.

"ಹಂಗಾರ ಮೊಟ್ಟಿ ತಗದುಬಿಡ್ರಿ. ಸುಮ್ನ ಯಾಕ ತಕರಾರು?"

೨. ಬ್ಯಾಡಗಿ

ನಮ್ಮದೂ ಬ್ಯಾಡಗಿಯದೂ ಸೇರಿ ಎರಡೂ ತಾಲ್ಲೂಕಿನ ಮೊದಲ ಸುತ್ತು ಬ್ಯಾಡಗಿಯಲ್ಲಿ. ಪೆಂಡಾಲು ಹಾಕಿಸಿಕೊಟ್ಟಿದ್ದ ಮೆಣಸಿನಕಾಯಿ ವ್ಯಾಪಾರಿಯನ್ನೂ ನಿರ್ಣಾಯಕರನ್ನಾಗಿ ಕೂರಿಸಿದ್ದರು. ಅವರು ಕೊಕ್ಕು ಮುಟ್ಟಿದರು, ಕೂದಲು ಸವರಿದರು, ಮೊಟ್ಟೆಯನ್ನು ಬೆಳಕಿಗೆ ಹಿಡಿದರು.

"ಇದು ಮಿಕ್ಸ್ ಮಾಲು ಐತಿ ಟೀಚರ್. ಉದ್ದನ ಕಡ್ಡಿ ಕಾಯಿ ಚೀಲದಾಗ ದಪ್ಪನ ಡಬ್ಬಿ ಕಾಯಿ ಬೆರಸಿದಂಗ. ಇಂಥಾ ಚೀಲ ನಾವು ಬಾಜೂಕ ಇಡತೀವಿ."

"ಯಾರೂ ಬೆರಸಿಲ್ರಿ. ಅದು ಹುಟ್ಟಿದ್ದ ಹಿಂಗ."

"ಚೀಲಾ ತಂದವ್ರೆಲ್ಲಾ ಹಂಗ ಅಂತಾರವಾ."

ಉಳಿದಿಬ್ಬರು ನಿರ್ಣಾಯಕರ ಅಂಕಗಳಿಂದ ಜಿಲ್ಲೆಗೆ ದಾಟಿದೆವು.

೩. ಹಾವೇರಿ

ಪ್ಲಾಟಿಪಸ್ಸಿಗೆ ಮೊಲೆತೊಟ್ಟಿಲ್ಲ. ಹಾಲು ಚರ್ಮದಿಂದ ಜಿನುಗುತ್ತದೆ, ಮರಿ ಅದನ್ನು ನೆಕ್ಕುತ್ತದೆ. ಇನ್ನು ಯಾರೂ ಹಕ್ಕಿ ಅನ್ನಬಾರದೆಂದು ಹುಡುಗಿ ಮಾದರಿಯ ಹೊಟ್ಟೆಯೊಳಗೆ ಸಲೈನ್ ನಳಿಗೆ ಕೂರಿಸಿ, ಹಾಲು ತುಂಬಿದ್ದಳು.

ಕೋಟು ತೊಟ್ಟ ನಿರ್ಣಾಯಕರು ಬಂದರು. "ಸಸ್ತನಿ ಅಂತೀಯಲ್ಲ, ಪುರಾವೆ ಎಲ್ಲೈತಿ?"

ಅವಳು ನಳಿಗೆಯ ಚಕ್ರ ತಿರುಗಿಸಿದಳು. ಕೂದಲಿನ ನಡುವಿಂದ ಹಾಲು ಜಿನುಗಿ ಮೇಜಿಗೆ ಇಳಿಯಿತು.

"ಏ ತಂಗಿ, ಸೋರಾಕತ್ತೈತಿ!"

"ಸೋರಬೇಕ್ರಿ ಸರ್. ಅದಕ್ಕ ಸಸ್ತನಿ."

"ಮೊದಲ ಬಟ್ಟಿ ತಗೊಂಡು ಒರಸು."

ಒರೆಸಿದಳು. ಮತ್ತೆ ಜಿನುಗಿತು. ನಾನು ವಿವರಿಸಲು ಹೋದೆ. "ಟೀಚರ್, ನಡುವ ಬಾಯಿ ಹಾಕಬ್ಯಾಡ್ರಿ" ಅಂದರು.

ಸಂಜೆ ಫಲಿತಾಂಶ ಬಂತು. ರಾಜ್ಯಮಟ್ಟಕ್ಕೆ ಹೋದದ್ದು ಅಡಿಗೆ ಸೋಡಾದ ಜ್ವಾಲಾಮುಖಿ. ಅದು ಮೇಜು ದಾಟಿ ನೆಲದವರೆಗೆ ಉಕ್ಕಿ ಹರಿದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ನಮ್ಮ ಅಂಕಪಟ್ಟಿಯ ಷರಾ: "ಮಾದರಿ ಸೋರುತ್ತದೆ."

ಜ್ವಾಲಾಮುಖಿಗೂ ನಮಗೂ ಇದ್ದ ಅಂತರ ಎಂಟು ಅಂಕ. ಸೋರಿದ್ದಕ್ಕೆ ಕಳೆದದ್ದು ಹತ್ತು.