ದೊಡ್ಡವ್ವನ ನೀರಿನ ಬಂದೋಬಸ್ತು

ನನ್ನ ಅಕ್ಷರಗಳು ಕೋಳಿ ಕೆದರಿದಂತಿವೆ, ಮಾತುಗಳೂ ಅಷ್ಟಕ್ಕಷ್ಟೇ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಇದು ನಮ್ಮ ದೊಡ್ಡವ್ವ ಗುರವ್ವನ ಕಥೆ. ಆಕೆಯ ಮನೆಯಲ್ಲೇ ಇದ್ದು, ಆಕೆಯನ್ನು ಕೇಳಿಯೇ ಬರೆದಿದ್ದೇನೆ.

ಮಗಳು ಉಮಾಶ್ರೀ ಚೊಚ್ಚಲ ಹೆರಿಗೆಗೆಂದು ವಿಜಯಪುರದಿಂದ ತಿಕೋಂಡಿಗೆ ಬಂದಿಳಿದ ದಿನವೇ ಗುರವ್ವ ಸೊಂಟಕ್ಕೆ ಸೆರಗು ಬಿಗಿದು ಸಾರಿದಳು: "ನನ್ನ ಮಗಳ ಹೊಟ್ಟಿಗಿ ಒಂದ ಹುಳಾನೂ ಹೋಗಗೊಡೂದಿಲ್ಲ!"

ಟ್ಯಾಂಕರಿನ ನೀರಿಗೆ ಪಂಚಾಯತಿಯವರು ಬ್ಲೀಚಿಂಗ್ ಪೌಡರ್ ಹಾಕಿಯೇ ಕಳಿಸುತ್ತಿದ್ದರು. ಆದರೆ ಊರ ಮಂದಿಗೆ ಹಾಕಿದ್ದು ಬಸುರಿ ಮಗಳಿಗೆ ಸಾಲುವುದುಂಟೇ? ಗುರವ್ವ ತಾನೂ ಒಂದಿಷ್ಟು ಪೌಡರ್ ಕೇಳಿ ತಂದು, ಸಾರಿಗೆ ಉಪ್ಪು ಹಾಕುವ ಅಂದಾಜಿನಲ್ಲಿ ಕುಡಿಯುವ ನೀರಿನ ದೊಡ್ಡ ಮಣ್ಣಿನ ಗಡಿಗೆ ರಂಜಣಗಿಗೆ ಸುರಿದಳು.

ಮೊದಲ ತಂಬಿಗೆ ಎತ್ತಿದವನು ಗಂಡ ಶ್ರೀಶೈಲಪ್ಪ. "ಏನ ಹಾಕೀಯ ಇದರಾಗ? ದವಾಖಾನಿ ನೆಲದ ಫರಶಿ ನೆಕ್ಕಿದಂಗ ಆತಲ್ಲ!"

"ನೀವೇನ್ ಬಸರಿ ಅದೀರೇನ್? ಸುಮ್ಕ ಕುಂದರ್ರಿ!"

ಬೈದಳು ನಿಜ, ಆದರೆ ನಾತ ಆಕೆಯ ಮೂಗಿಗೂ ಬಡಿದಿತ್ತು. ಅದನ್ನು ಅಡಗಿಸಲು ಒಂದು ಹಿಡಿ ತುಳಸಿ ಹಾಕಿದಳು. ಸಾಲದ್ದಕ್ಕೆ ಲಾವಂಚದ ಬೇರಿನ ಕಟ್ಟು ಮುಳುಗಿಸಿದಳು. ಬೆಳಗಾಗುವಷ್ಟರಲ್ಲಿ ಎಲೆಗಳು ಕರ್ರಗೆ ತೇಲಿದವು. ಎಲೆ ಕೊಳೆತು ಹುಳ ಹುಟ್ಟೀತೆಂದು ಮತ್ತೆ ಪೌಡರ್! ಪೌಡರಿನ ನಾತಕ್ಕೆ ಮತ್ತೆ ತುಳಸಿ! ರಂಜಣಗಿಯೊಳಗೆ ಮಹಾಯುದ್ಧವೇ ನಡೆಯಿತು. ಎರಡೂ ಕಡೆಗೆ ಸೇನಾಪತಿ ಗುರವ್ವನೇ! ಎಮ್ಮೆ ಸಹ ಆ ನೀರಿನ ಬಕೀಟು ಮೂಸಿ ಮುಖ ತಿರುಗಿಸಿತು. ಉಮಾಶ್ರೀ ಅವ್ವನಿಗೆ ಬೇಸರವಾದೀತೆಂದು ತಂಬಿಗೆಯನ್ನು ತುಟಿಗೆ ಮುಟ್ಟಿಸಿ ಇಟ್ಟುಬಿಡುತ್ತಿದ್ದಳು. ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು.

ಬಸುರಿಯನ್ನು ನೋಡಲು ಬಂದ ದವಾಖಾನೆಯ ಸಿಸ್ಟರ್ ಪ್ರಾಜಕ್ತಾ, "ತುಟಿ ಯಾಕ ಇಷ್ಟ ಒಣಗ್ಯಾವ?" ಎಂದಳು. ಉಮಾಶ್ರೀ ಕಣ್ಣಲ್ಲೇ ರಂಜಣಗಿ ತೋರಿಸಿದಳು. ಸಿಸ್ಟರ್ ಸಣ್ಣ ನಳಿಕೆಯಲ್ಲಿ ನೀರು ಹಿಡಿದು, ತಪಾಸಣೆಯ ಔಷಧಿ ಒಂದೆರಡು ಹನಿ ಬಿಟ್ಟಳು. ನೀರು ಝಗ್ಗನೆ ಕೇಸರಿಯಾಯಿತು.

ಗುರವ್ವ ಹಿಗ್ಗಿದಳು. "ನೋಡ್ರಿ ಸಿಸ್ಟರ್, ಬಂಗಾರದಂಥಾ ನೀರು!"

"ಅಕ್ಕಾ, ತಿಳಿ ಹಳದಿ ಬರಬೇಕ್ರಿ. ಇದು ಕ್ಲೋರಿನ್ ಭಾಳ ಆಗೇತಿ ಅನ್ನೂ ಬಣ್ಣ. ಅದರ ಮ್ಯಾಲ ಎಲಿ, ಬೇರು ಬ್ಯಾರೆ! ಎರಡೂ ಕೂಡಿದ್ರ ಕೆಟ್ಟ ರಾಸಾಯನಿಕ ಹುಟ್ಟತಾವ್ರಿ. ವರ್ಷಾನಗಟ್ಲೆ ಅಂಥಾ ನೀರ ಕುಡದ್ರ ಕ್ಯಾನ್ಸರಿನ ಅಪಾಯ ಹೆಚ್ಚಾಗಬಹುದು ಅಂತಾರ."

ಗುರವ್ವ ದಡಬಡಿಸಿ ಎದ್ದಳು. "ಯಪ್ಪಾ, ನನ್ನ ಕೈಯಾರ ಮಗಳಿಗೆ ವಿಷಾ ಕುಡಿಸೇನಿ!" ಎಂದು ಪೌಡರಿನ ಡಬ್ಬಿ ಎತ್ತಿಕೊಂಡು ತಿಪ್ಪೆಯ ಕಡೆ ಓಡಿದಳು.

ಸಿಸ್ಟರ್ ಹಿಂದೆಯೇ ಓಡಿ ತೋಳು ಹಿಡಿದಳು. "ನಾಕ ದಿನಕ್ಕ ಹಂಗೇನೂ ಆಗೂದಿಲ್ರಿ! ಪೌಡರ್ ಬ್ಯಾಡ ಅಂದ್ರ ನಾಳೇನ ವಾಂತಿ-ಭೇದಿ ಸುರು ಆಕ್ಕೈತಿ. ಟ್ಯಾಂಕರಿನ್ಯಾಗ ಹಾಕಿದ್ದ ಸಾಕೈತಿ, ನಾ ನೋಡೇನಿ. ರಂಜಣಗಿ ತಿಕ್ಕಿ, ನೀರ ಸೋಸಿ ತುಂಬ್ರಿ, ಅಷ್ಟ."

ಗುರವ್ವನ ಕಣ್ಣು ತುಂಬಿದವು. ತಾಯಿಯಾದವಳು ಏನೂ ಹಾಕದೆ ಇರುವುದೆಂದರೇನು! "ಹಂಗಾದ್ರ ನಾ ಏನೂ ಹಾಕಬಾರದೇನ?"

ಉಮಾಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವನ ಕಣ್ಣೊರೆಸಿ ಹೇಳಿದಳು: "ಹಾಕಬೇ ಯವ್ವಾ, ಮುಚ್ಚಳಾ ಹಾಕು!"

ಅಂದಿನಿಂದ ದೊಡ್ಡವ್ವ ಮುಚ್ಚಳ ಬಿಟ್ಟು ಬೇರೇನನ್ನೂ ಮುಟ್ಟಿಲ್ಲ. ಅದಕ್ಕೇ ನಾಳೆ ಟ್ಯಾಂಕರ್ ಬಂದಾಗ ನೀರನ್ನು ನಾನೇ ಸೋಸಿ ತುಂಬುತ್ತೇನೆ.