ಲೈಸೆನ್ಸಿಗೂ ಒಂದು ಗತಿ ಕಾಣಿಸಬೇಡವೇ

"ಹಳೇ ಲೈಸೆನ್ಸ್ ಎಲ್ಲಿ ಅಂತ ಕೇಳಿದ್ರೆ ಕಿಟಕಿ ಕಡೆ ನೋಡ್ತೀಯಲ್ಲ ಮಾಮ! ಬಾಯಿ ಬಿಡು!"

ಜೋಲೀನ್ ಕೌಂಟರ್ ಬಡಿದಳು. ಸೋದರಮಾವ ವರ್ಲಿನ್ ಮೂವತ್ತೊಂದು ವರ್ಷ ನಡೆಸಿದ ಚಿತಾಗಾರವನ್ನು ಕಳೆದ ಶುಕ್ರವಾರ ಇವಳಿಗೆ ಮಾರಿದ್ದ. ಒಲೆ ಬಂತು, ತಣ್ಣನೆ ಕೋಣೆ ಬಂತು, ಬೀಗದ ಕೈಯೂ ಬಂತು. ಲೈಸೆನ್ಸ್ ಮಾತ್ರ ಬರಲಿಲ್ಲ. ಮಾರಾಟದ ಕಾಗದಕ್ಕೆ ಸಹಿ ಬಿದ್ದ ಕ್ಷಣವೇ ಅದರ ಆಯುಸ್ಸು ಮುಗಿದಿತ್ತು. ಹೊಸದು ಬೇಕೆಂದರೆ ಹಳೆಯದರ ಮೂಲಪ್ರತಿ ಒಪ್ಪಿಸಬೇಕು. ಅದಕ್ಕೇ ಇಬ್ಬರೂ ಅಮೆರಿಕದ ಡಕೋಟಾದ ಹಿಮಗಾಳಿಯಲ್ಲಿ ಮೂರು ಗಂಟೆ ಪಿಕಪ್ ಓಡಿಸಿಕೊಂಡು ರಾಜಧಾನಿಯ ಕಚೇರಿಗೆ ಬಂದಿದ್ದರು. ಕೌಂಟರಿನಾಚೆ ಗುಮಾಸ್ತೆ ಶ್ರೀಮತಿ ಬ್ರಾಟನ್, ಕನ್ನಡಕ ಮೂಗಿನ ತುದಿಯಲ್ಲಿ.

ಬ್ರಾಟನ್: ಅರ್ಜಿ ಸರಿಯಾಗಿದೆ. ತಪಾಸಣೆ ವರದಿನೂ ಸರಿಯಾಗಿದೆ. ಹಳೇದು ಕೊಡಿ, ಈಗಲೇ ಹೊಸದಕ್ಕೆ ಮುದ್ರೆ ಒತ್ತುತೀನಿ.

ಜೋಲೀನ್: ಇವತ್ತೇ ಆಗ್ಬೇಕು ಮೇಡಂ. ನಮ್ಮೂರ ಗುಡ್ರುನ್ ಅಜ್ಜಿ ಮೊನ್ನೆಯಿಂದ ತಣ್ಣನೆ ಕೋಣೇಲಿ ಕಾಯ್ತಿದಾರೆ. ನಾಳೆ ಬೆಳಿಗ್ಗೆ ದಹನ. ಚರ್ಚಿನ ಹೆಂಗಸರು ಸಾವಿನ ಮನೆ ಊಟಕ್ಕೆ ಅಂತ ಆಗಲೇ ಆರು ಟ್ರೇ ಆಲೂಗಡ್ಡೆ ಹಾಟ್‌ಡಿಶ್ ಬೇಯೋಕಿಟ್ಟಿದಾರೆ!

ಬ್ರಾಟನ್: ಪಕ್ಕದ ಊರಲ್ಲಿ ಲುಂಡೀನ್ ಚಿತಾಗಾರ ಇದೆಯಲ್ಲ?

ವರ್ಲಿನ್: ಅವನ ಹತ್ರಾನಾ! 'ಅವನು ಕೆಲಸ ಮಾಡ್ತಾ ಸಿಳ್ಳೆ ಹೊಡೀತಾನೆ, ಅವನ ಕೈಗೆ ಕೊಟ್ರೆ ಎದ್ದು ಬರ್ತೀನಿ' ಅಂತ ಅಜ್ಜಿ ಹೇಳೇ ಸತ್ತಿರೋದು.

ಜೋಲೀನ್: ಅವರು ಎದ್ದು ಬರೋಕೆ ಮುಂಚೆ ಲೈಸೆನ್ಸ್ ತೆಗಿ.

ವರ್ಲಿನ್ ಕೋಟಿನೊಳಗಿಂದ ಒಂದು ಕಾಫಿ ಡಬ್ಬಿ ತೆಗೆದು ಮೆಲ್ಲಗೆ ಇಟ್ಟ.

ಬ್ರಾಟನ್: ಬೇಡಪ್ಪ, ಈಗಷ್ಟೇ ಕುಡಿದೆ.

ವರ್ಲಿನ್: ಕಾಫಿ ಅಲ್ಲ ಮೇಡಂ. ಲೈಸೆನ್ಸು.

ಜೋಲೀನ್ ಮುಚ್ಚಳ ತೆಗೆದಳು. ನೋಡಿದಳು. ಮತ್ತೆ ಮುಚ್ಚಿದಳು.

ಜೋಲೀನ್: ಸುಟ್ಟುಬಿಟ್ಯಾ?!

ವರ್ಲಿನ್: ಆಯುಸ್ಸು ಮುಗೀತು ಅಂದ್ರಲ್ಲ! ಮೂವತ್ತೊಂದು ವರ್ಷ ಗೋಡೆ ಮೇಲೆ ನನ್ನ ಜೊತೆಗಿತ್ತು. ಕಸದ ಬುಟ್ಟಿಗೆ ಹಾಕ್ಲಾ? ಮರ್ಯಾದೆಯಾಗಿ ಕಳಿಸಿಕೊಟ್ಟೆ. ಟೋಪಿ ಕೂಡ ತೆಗೆದಿದ್ದೆ.

ಜೋಲೀನ್: ಒಂದು ಕಾಗದಕ್ಕೆ ಟೋಪಿ ತೆಗೀತೀಯ, ನನ್ನ ಮದುವೇಲಿ ತೆಗೀಲಿಲ್ಲ!

ವರ್ಲಿನ್: ನಿನ್ನ ಮದುವೆ ಎಷ್ಟು ದಿನ ಬಾಳ್ತು? ಹನ್ನೊಂದು ತಿಂಗಳು.

ಬ್ರಾಟನ್: ಜಗಳ ಸಾಕು. 'ಲೈಸೆನ್ಸ್ ಕಳೆದುಹೋಗಿದೆ' ಅಂತ ಇಲ್ಲೊಂದು ಸಹಿ ಹಾಕಿ ಸಾರ್, ಮುಗೀತು.

ಜೋಲೀನ್: ಹಾಕು ಮಾಮ, ಹಾಕು!

ವರ್ಲಿನ್: ಸತ್ರೂ ಹಾಕಲ್ಲ. ನಾಲ್ಕು ಸಾವಿರ ಜನರನ್ನ ಕಳಿಸಿಕೊಟ್ಟಿದೀನಿ, ಒಬ್ಬರನ್ನೂ ಕಳೆದಿಲ್ಲ! ಇಲ್ಲೇ ಕಣ್ಣೆದುರಿಗೆ ಡಬ್ಬೀಲಿರೋದನ್ನ ಕಳೆದೋಗಿದೆ ಅನ್ನಲಾ?

ಬ್ರಾಟನ್: ಇದು ಅದೇ ಲೈಸೆನ್ಸ್ ಅಂತ ನಾನು ಹೇಗೆ ನಂಬ್ಲಿ? ನ್ಯೂಸ್‌ಪೇಪರ್ ಬೂದಿನೋ ಏನೋ.

ವರ್ಲಿನ್‌ಗೆ ಅವಮಾನವಾಯಿತು. ಡಬ್ಬಿಯೊಳಗೆ ಎರಡು ಬೆರಳು ಇಳಿಸಿ ಒಂದು ಉಕ್ಕಿನ ಬಿಲ್ಲೆ ಎತ್ತಿದ. ಗುರುತು ತಪ್ಪದಿರಲೆಂದು ಪ್ರತಿ ಶವದ ಜೊತೆಗೂ ಒಲೆಯೊಳಗೆ ಹೋಗಿ ಬೂದಿಯ ಜೊತೆ ಹೊರಬರುವ ಬಿಲ್ಲೆ ಅದು.

ವರ್ಲಿನ್: ಓದಿ. ಲೈಸೆನ್ಸ್ ನಂಬರನ್ನೇ ಕೊರೆದು ಜೊತೇಲಿ ಕಳಿಸಿದ್ದೆ.

ಶ್ರೀಮತಿ ಬ್ರಾಟನ್ ಹಳೆಯ ಫೈಲು ಬಿಚ್ಚಿ ನಕಲು ಪ್ರತಿ ತೆಗೆದರು. ನಂಬರ್ ತಾಳೆಯಾಯಿತು. ಕೆಳಗಿದ್ದ ಸಹಿ ನೋಡಿ ಅವರ ಕನ್ನಡಕ ಮೂಗಿನಿಂದ ಜಾರಿಯೇ ಬಿಟ್ಟಿತು.

ಬ್ರಾಟನ್: ಅಯ್ಯೋ! ಇದು ನಾನೇ ಟೈಪ್ ಮಾಡಿ ಕೊಟ್ಟಿದ್ದು. ಕೆಲಸಕ್ಕೆ ಸೇರಿದ ವಾರ. ನನ್ನ ಮೊಟ್ಟಮೊದಲ ಲೈಸೆನ್ಸು.

ಕನ್ನಡಕ ಮತ್ತೆ ಏರಿಸಿಕೊಂಡು, ಫಾರಂ ಎಳೆದುಕೊಂಡರು. 'ಮೂಲಪ್ರತಿ ಒಪ್ಪಿಸಲಾಗಿದೆಯೇ?' ಹೌದು. 'ಸ್ಥಿತಿ?' ಪೆನ್ನು ತಡವರಿಸಿತು. ಆಮೇಲೆ ಬರೆದರು: ಸ್ವಲ್ಪ ಬಿಸಿ ತಾಗಿದೆ.

ಜೋಲೀನ್‌ಗೆ ಕುಣಿಯುವಷ್ಟು ಖುಷಿ. ಬ್ರಾಟನ್ ಒಂದು ಕೈಯಲ್ಲಿ ಮುದ್ರೆ ಎತ್ತಿ, ಇನ್ನೊಂದನ್ನು ಡಬ್ಬಿಗೆ ಚಾಚಿದರು. ವರ್ಲಿನ್ ಡಬ್ಬಿಯನ್ನು ಎದೆಗವಚಿಕೊಂಡ.

ವರ್ಲಿನ್: ಹಾಗೆಲ್ಲ ಕೊಡೋಕಾಗಲ್ಲ.

ಜೋಲೀನ್: ಮಾಮಾ!!

ವರ್ಲಿನ್: ಬೂದಿನ ಸಿಕ್ಕಸಿಕ್ಕವರ ಕೈಗೆ ಕೊಡೋ ಹಾಗಿಲ್ಲ. ಸಂಬಂಧಪಟ್ಟೋರು ಸಹಿ ಹಾಕಿ ತಗೋಬೇಕು. ಈ ರೂಲ್ ಮಾಡಿದ್ದೂ ಇದೇ ಆಫೀಸು!

ಇನ್ನೊಂದು ಜೇಬಿನಿಂದ ಅವನ ಫಾರಂ ಬಂತು. ಶ್ರೀಮತಿ ಬ್ರಾಟನ್ ಹೆಸರು ತುಂಬಿದರು, ತಾರೀಖು ತುಂಬಿದರು. 'ಮೃತರಿಗೆ ಏನಾಗಬೇಕು?' ಎಂಬಲ್ಲಿ ಪೆನ್ನು ನಿಂತಿತು. ಗುಡ್ರುನ್ ಅಜ್ಜಿ, ಆರು ಟ್ರೇ ಹಾಟ್‌ಡಿಶ್, ಲುಂಡೀನನ ಸಿಳ್ಳೆ ಎಲ್ಲವೂ ಆ ಪೆನ್ನಿನ ತುದಿಯಲ್ಲಿ ನೇತಾಡುತ್ತಿದ್ದಂತೆ ಜೋಲೀನ್ ಉಸಿರು ಬಿಗಿಹಿಡಿದಳು.

ಬ್ರಾಟನ್ ಬರೆದು ಕಾಗದ ಮುಂದೆ ತಳ್ಳಿದರು. ದುಂಡನೆ ಅಕ್ಷರದಲ್ಲಿತ್ತು: ಹೆತ್ತ ತಾಯಿ.

ವರ್ಲಿನ್ ಟೋಪಿ ತೆಗೆದು ಎರಡೂ ಕೈಯಲ್ಲಿ ಡಬ್ಬಿ ಒಪ್ಪಿಸಿದ. ಠಪ್ಪೆಂದು ಮುದ್ರೆ ಬಿತ್ತು.

ವರ್ಲಿನ್: ಸಮಾಧಾನ ಮಾಡ್ಕೊಳ್ಳಿ ಮೇಡಂ. ತುಂಬು ಬಾಳು ಬಾಳ್ತು. ಕೊನೇ ದಿನದವರೆಗೂ ಗೋಡೆ ಬಿಟ್ಟು ಇಳೀಲಿಲ್ಲ.